ಸ್ಯಾಟ್ಸ್‌ನಲ್ಲಿ ಹೆಸರಿಲ್ಲವೆಂದರೆ ಸಾಲಿಯೂ ಇಲ್ಲವೇ?

ಹಲಸಂಗಿ ಸೀಮೆಯಿಂದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗುಳೆ ಹೋಗುವವರ ಮಕ್ಕಳು ವರ್ಷದ ನಡುವೆ ಒಂದು ಶಾಲೆ ಬಿಟ್ಟು ಇನ್ನೊಂದರ ಬಾಗಿಲಿಗೆ ಬಂದು ನಿಲ್ಲುವುದು ಹೊಸದಲ್ಲ. ಅಲ್ಲಿ ಸಿಗುವ ಉತ್ತರ ಮಾತ್ರ ಹೊಸದು: "ಕಂಪ್ಯೂಟರ್‌ದಾಗ ಹೆಸರು ಬರವಲ್ದು, ಹೆಂಗ್ ತಗೊಳ್ಳೂದು?" ಕಂಪ್ಯೂಟರೇ ಒಲ್ಲೆ ಎಂದ ಮೇಲೆ ಯಾರ ಜೊತೆ ವಾದ ಎಂದು ಅಪ್ಪ-ಅವ್ವ ಹಿಂದಿರುಗುತ್ತಾರೆ.

ಕಂಪ್ಯೂಟರ್ ಒಲ್ಲೆ ಎಂದಿಲ್ಲ. ಹಳೆಯ ಶಾಲೆಯವರು ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಟಿ.ಸಿ. (ವರ್ಗಾವಣೆ ಪತ್ರ) ತೆಗೆದಿಲ್ಲ, ಆದ್ದರಿಂದ ಮಗುವಿನ ದಾಖಲೆ ಅಲ್ಲೇ ಕೂತಿದೆ, ಅಷ್ಟೆ. ದಾಖಲೆ ಅಲ್ಲಿ ಕೂತರೆ ಮಗು ಇಲ್ಲಿ ಕೂರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ: ಟಿ.ಸಿ. ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿಯನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಟಿ.ಸಿ. ಕೊಡಲು ಸತಾಯಿಸಿದ ಮುಖ್ಯ ಗುರುಗಳ ಮೇಲೆಯೇ ಶಿಸ್ತುಕ್ರಮವಾಗಬಹುದು. ವಯಸ್ಸಿನ ದಾಖಲೆ ಇಲ್ಲವೆಂಬ ನೆಪವನ್ನು 14ನೇ ಕಲಂ ಮುಚ್ಚಿದೆ. ಆಧಾರ್ ಇಲ್ಲವೆಂಬ ನೆಪವನ್ನು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಮುಚ್ಚಿತು. ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ ಪೆನ್ನಿನಿಂದ ಹೆಸರು ಬರೆದು, ಹುಡುಗನನ್ನು ಬೆಂಚಿಗೆ ಕಳಿಸಿ, ಆಮೇಲೆ ಹಳೆಯ ಶಾಲೆಗೆ ಫೋನ್ ಹಚ್ಚಿದರೆ ಮುಗಿಯುವ ಕೆಲಸವಿದು.

ಉಳಿದ ಗೊಂದಲಗಳು ಚಿಲ್ಲರೆ. ಶಾಲೆಗಳ ಮಾಹಿತಿ ಇಡುವ ಯುಡೈಸ್‌ನ ಕೋಡಿನ 11 ಅಂಕಿ ಮಗುವಿನದಲ್ಲ, ಶಾಲೆಯದು. ಅದರ ಮೊದಲ ಎರಡು ಅಂಕಿ 29 ಎಂದರೆ ಕರ್ನಾಟಕ. ಸ್ಯಾಟ್ಸ್ ರಾಜ್ಯದ್ದು, ಯುಡೈಸ್ ಪ್ಲಸ್ ಕೇಂದ್ರದ್ದು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ತಿದ್ದಿತೆಂದು ನಂಬಿ ಕೂರಬಾರದು. ವಿದ್ಯಾರ್ಥಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆಗೆ ಪಾಲಕರ ಒಪ್ಪಿಗೆ ಬೇಕು.

ಸೋಜಿಗವೆಂದರೆ ಪರದೆ ಹೇಳಿದ್ದೇ ಕೊನೆ ಎಂಬ ಈ ಭಕ್ತಿ ಎಲ್ಲ ಕಂಪ್ಯೂಟರಿಗೂ ಸಲ್ಲುವುದಿಲ್ಲ. ಹೊಲದ ಉತಾರದಲ್ಲಿ ಒಂದು ಗುಂಟೆ ಕಡಿಮೆ ಬಂದರೆ ಬಸವನಬಾಗೇವಾಡಿಯ ರೈತ ತಲಾಠಿಯ ಬೆನ್ನು ಬಿಡುವುದಿಲ್ಲ. ಉತಾರವೂ ಕಂಪ್ಯೂಟರಿನದೇ! ಮಗನ ಹೆಸರಿನ ವಿಷಯಕ್ಕೆ ಬಂದಾಗ ಮಾತ್ರ ಅದು ದೇವರ ವಾಕ್ಯ. ಹಿಂದೆ ಮಾಸ್ತರರು ಅರ್ಧ ಊರಿನ ಮಕ್ಕಳನ್ನು ಜೂನ್ 1ರಂದು ಹುಟ್ಟಿಸುತ್ತಿದ್ದರು. ಹುಟ್ಟಿದ್ದು ಸುಗ್ಗಿಯಲ್ಲೆಂದು ಹೆತ್ತವಳಿಗೆ ಗೊತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದಳು. ಅದೇ ಜೂನ್ 1 ಈಗ ಪರದೆಯ ಮೇಲೆ ದುಂಡಗೆ ಮೂಡಿದರೆ ಯಾರೂ ನಗುವುದಿಲ್ಲ.