ಮೂರು ಸೀಮೆ, ಆರು ದಿನ

ಹೋದ ವರ್ಷ ಶ್ರಾವಣಮಾಸದಲ್ಲಿ ನಮ್ಮ ತಂಗಿಯ ಮಗನು ಬೆಂಗಳೂರಿನಿಂದ ಮಂಗಸೂಳಿಗೆ ಬಂದವನು, ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಒಂದು ದೊಡ್ಡ ನಕಾಶೆಯನ್ನು ಹರವಿಕೊಂಡು ಕುಳಿತನು. ಯಾವ ದೇಶವೆಂದು ಕೇಳಲು ಪೆರು ಎಂದನು. ಖಂಡೋಬನ ದರ್ಶನಕ್ಕೆಂದು ಮೀರಜ, ಸಾಂಗಲಿಗಳಿಂದ ಬರುವ ಜನರನ್ನು ನೋಡಿ ಬಲ್ಲ ನಮ್ಮ ಊರಿಗೆ ದಕ್ಷಿಣ ಅಮೇರಿಕೆಯ ನಕಾಶೆ ಬಂದದ್ದು ಅದೇ ಮೊದಲಿರಬೇಕು. ಅವನಿಗೆ ಹದಿನಾಲ್ಕು ದಿನಗಳ ರಜೆ. ಆ ಹದಿನಾಲ್ಕು ದಿನಗಳಲ್ಲಿ ಇಡಿಯ ದೇಶವನ್ನು ನೋಡಿಬಿಡುವ ಹವ್ಯಾಸ.

ಪೆರು ದೇಶವು ಉದ್ದಕ್ಕೆ ಮೂರು ಪಟ್ಟಿಗಳಾಗಿ ಸೀಳಿದಂತಿದೆ. ಪಶ್ಚಿಮಕ್ಕೆ ಶಾಂತಸಾಗರದ ದಂಡೆಗುಂಟ ಮರುಭೂಮಿ. ನಡುವೆ ಆಂಡೀಸ ಪರ್ವತ. ಪೂರ್ವಕ್ಕೆ ಅಮೆಜಾನ ನದಿಯ ಅಡವಿ. ರಾಜಧಾನಿಯಾದ ಲಿಮಾದಲ್ಲಿ ಮಳೆಯೆಂಬುದು ಹೆಸರಿಗೆ ಮಾತ್ರ. ಅಲ್ಲಿಂದ ವಿಮಾನದಲ್ಲಿ ಒಂದು ತಾಸು ಚಿಲ್ಲರೆಯಲ್ಲಿ ಸಮುದ್ರಮಟ್ಟಕ್ಕಿಂತ 3,400 ಮೀಟರು ಎತ್ತರದ ಕುಸ್ಕೋ ನಗರಕ್ಕೆ ಏರಿದವನಿಗೆ ತಲೆನೋವು, ಓಕರಿಕೆ, ಏದುಸಿರು ಹತ್ತುವುದುಂಟು. ಒಂದೆರಡು ದಿನ ಸುಮ್ಮನೆ ಬಿದ್ದುಕೊಂಡಿರಬೇಕು. ಅಡವಿಯ ನಡುವಣ ಇಕಿಟೋಸ ಎಂಬ ದೊಡ್ಡ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ದೋಣಿ ಇಲ್ಲವೆ ವಿಮಾನ. ಮೇಲಾಗಿ ನಮ್ಮ ಹುಡುಗನಿಗೆ ರಜೆ ದೊರೆತದ್ದು ಜನವರಿಯಲ್ಲಿ; ಆಂಡೀಸದಲ್ಲಿ ಡಿಸೆಂಬರದಿಂದ ಮಾರ್ಚಿನವರೆಗೆ ಮಳೆಗಾಲ. ಮಾಚು ಪಿಚುವಿಗೆ ನಡೆದು ಹೋಗುವ ಹಳೆಯ ಇಂಕಾ ದಾರಿಯನ್ನಂತೂ ಫೆಬ್ರುವರಿಯಲ್ಲಿ ಮುಚ್ಚಿಯೇ ಬಿಡುತ್ತಾರೆ. ಎರಡು ದಿನ ಕೂಡಿಸಿ ಕಳೆದು, ಕೊನೆಗೆ ಅವನು ರಜೆಯನ್ನು ಜೂನಿಗೆ ಸರಿಸಿದನು, ಅಡವಿಯನ್ನು ಬಿಟ್ಟನು.

ಈ ಲೆಕ್ಕವನ್ನೆಲ್ಲ ಕೇಳುತ್ತ ಕುಳಿತ ನಮಗೆ ಒಂದು ಹಳೆಯ ನಾಚಿಕೆ ನೆನಪಾಯಿತು.

ಮೂರು ವರ್ಷಗಳ ಹಿಂದೆ ಮೇ ತಿಂಗಳಲ್ಲಿ, ಮಕ್ಕಳಿಗೆ ಸೂಟಿ ಇದೆಯೆಂಬ ಒಂದೇ ಕಾರಣದಿಂದ, ನಾವು ನಮ್ಮ ತಾಯಿಯವರನ್ನು ಗೋಕಾಕದ ಜಲಪಾತಕ್ಕೆ ಕರೆದೊಯ್ದಿದ್ದೆವು. ಘಟಪ್ರಭೆಯು ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ಸ್ಥಳವದು. ಆದರೆ ಮೇಲುಗಡೆ ಹಿಡಕಲ್ಲಿನಲ್ಲಿ ಅಣೆಕಟ್ಟು, ಧೂಪದಾಳದಲ್ಲಿ ಒಡ್ಡು; ಬೇಸಗೆಯಲ್ಲಿ ಅವುಗಳನ್ನು ದಾಟಿ ಬರುವ ನೀರೆಷ್ಟು? ತಾಯಿಯವರು ಕಟಾಂಜನವನ್ನು ಹಿಡಿದು ಬಹಳ ಹೊತ್ತು ನೋಡಿ, “ನೀರ ಎಲ್ಲೈತೋ ಯಪ್ಪಾ? ಕಲ್ಲ ನೋಡಾಕ ಇಷ್ಟ ದೂರ ಕರಕೊಂಡ ಬಂದೇನು?” ಎಂದರು. ಅವರಿಗೆ ಆಗ ಎಪ್ಪತ್ಮೂರು ವರ್ಷ. ಸಮುದ್ರವನ್ನು ಒಮ್ಮೆ ನೋಡಬೇಕೆಂದು ಅವರು ಆಗಾಗ ಹೇಳುತ್ತಿದ್ದುದುಂಟು. ಆ ದಿನದ ತರುವಾಯ ಆ ಮಾತನ್ನು ಎತ್ತಲಿಲ್ಲ. ಮೊಣಕಾಲ ನೋವು ವರ್ಷ ವರ್ಷಕ್ಕೆ ಹೆಚ್ಚುತ್ತಲಿತ್ತು. ಇನ್ನೆರಡು ವರ್ಷ ತಡೆದರೆ ಆ ಪ್ರಯಾಣವು ಆಗದೆ ಹೋದೀತೆಂಬುದು ಮನೆಯವರೆಲ್ಲರಿಗೂ ತಿಳಿದಿತ್ತು.

ನಕಾಶೆಯನ್ನು ಮಡಚುವ ಮೊದಲೇ ಅಳಿಯನನ್ನು ಕೇಳಿದೆವು: ಇದೇ ರೀತಿಯಿಂದ ನಮಗೂ ಒಂದು ಪ್ರವಾಸವನ್ನು ಹೊಂದಿಸಿ ಕೊಡಬಲ್ಲೆಯಾ? ಅವನು ನಕ್ಕು, “ಮಾಮಾ, ನಿಮ್ಮದೂ ಪೆರುನೇ, ತಿರುವಿ ಹಾಕಿದ್ದಷ್ಟ” ಎಂದನು.

ಅವನ ಮಾತು ವಿಚಾರ ಮಾಡತಕ್ಕದ್ದು. ನಮ್ಮಲ್ಲಿ ನೈಋತ್ಯ ಗಾಳಿಯು ಅರಬೀ ಸಮುದ್ರದ ತೇವವನ್ನು ಹೊತ್ತು ಬಂದು ಸಹ್ಯಾದ್ರಿಗೆ ತಾಕಿ ಮೇಲೇರುತ್ತದೆ. ಏರಿದ ಗಾಳಿ ತಣ್ಣಗಾಗಿ, ಮಳೆಯನ್ನೆಲ್ಲ ಪಶ್ಚಿಮಕ್ಕೂ ಶಿಖರದ ಮೇಲೂ ಸುರಿದು, ಬರಿಗೈಯಿಂದ ಪೂರ್ವಕ್ಕೆ ಇಳಿಯುತ್ತದೆ. ಪೆರುವಿನಲ್ಲಿ ಗಾಳಿ ಬರುವುದು ಪೂರ್ವದ ಅಮೆಜಾನದ ಕಡೆಯಿಂದ. ಆದುದರಿಂದ ಅಡವಿ ಪೂರ್ವಕ್ಕೆ, ಒಣಭೂಮಿ ಪಶ್ಚಿಮಕ್ಕೆ. ಅಲ್ಲಿಯ ದಂಡೆಗುಂಟ ಹರಿಯುವ ಹಂಬೋಲ್ಟ ಎಂಬ ತಣ್ಣೀರಿನ ಪ್ರವಾಹವು ಮೋಡಗಳನ್ನು ಮೇಲೇರಗೊಡದೆ ಆ ಒಣತನವನ್ನು ಇನ್ನೂ ಹೆಚ್ಚಿಸಿದೆ. ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ಈ ಭೇದವನ್ನು ನೋಡಬಹುದು. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲ್ಲಿಮೀಟರು ಮಳೆಯಾದರೆ, ನಮ್ಮ ಅಥಣಿ-ಕಾಗವಾಡದ ಕರಿನೆಲಕ್ಕೆ ಐದಾರು ನೂರು ಬಂದರೆ ಅದೇ ಸುಗ್ಗಿ. ಕೃಷ್ಣೆಯ ನೀರಾವರಿ ಇರುವುದರಿಂದ ಕಬ್ಬು ಹಸುರಾಗಿ ಕಾಣುತ್ತದೆಯೇ ಹೊರತು ನಾವು ಒಣಸೀಮೆಯವರೇ.

ಇನ್ನು ಕಾಲವನ್ನು ಗೊತ್ತುಮಾಡುವುದು. ಗೃಹಸ್ಥರು ತಪ್ಪುವುದೆಲ್ಲ ಇಲ್ಲಿಯೇ. ಜೂನದಿಂದ ಆಗಸ್ಟದವರೆಗೆ ಜಲಪಾತಗಳಿಗೆ ಕಳೆ ನಿಜ. ಆದರೆ 2019ರ ಆಗಸ್ಟದಲ್ಲಿ ಕೃಷ್ಣೆಯು ನಮ್ಮ ಸುತ್ತಿನ ಊರುಗಳಿಗೆ ನುಗ್ಗಿ ರಸ್ತೆಗಳನ್ನು ಕಡಿದದ್ದನ್ನು ನಾವು ಕಂಡಿದ್ದೇವೆ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನರು ಮಣ್ಣುಪಾಲಾದುದನ್ನು ಓದಿದ್ದೇವೆ. ವೃದ್ಧರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಆ ತಿಂಗಳುಗಳಲ್ಲಿ ಘಟ್ಟ ಇಳಿಯುವುದು ಸಲ್ಲದು. ನವೆಂಬರದ ಸುಮಾರಿಗೆ ಸಕ್ಕರೆ ಕಾರಖಾನೆಗಳು ಸುರುವಾಗುತ್ತವೆ. ಕಬ್ಬು ಕಡಿಯುವ ಟೋಳಿ ಯಾವ ದಿನ ನಮ್ಮ ಹೊಲಕ್ಕೆ ಬಂದೀತೆಂಬುದು ನಮ್ಮ ಕೈಯಲ್ಲಿಲ್ಲ. ಅದರ ಬೆನ್ನಿಗೆ ಚಂಪಾಷಷ್ಠಿ. ಖಂಡೋಬನ ಊರಿನಲ್ಲಿದ್ದು ಆ ದಿನ ಬಂದ ನೆಂಟರಿಗೆ ಬೀಗ ತೋರಿಸಲಾದೀತೆ? ಮೇ ತಿಂಗಳ ಸುದ್ದಿಯನ್ನಂತೂ ಹೇಳಿಯಾಗಿದೆ. ಹೀಗೆ ಒಂದೊಂದನ್ನೇ ಹೊಡೆದು ಹಾಕುತ್ತ ಬಂದರೆ ಉಳಿದುದು ದಸರೆಯ ರಜೆ. ಹೊಳೆಗಳಲ್ಲಿ ನೀರಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಮಕ್ಕಳ ಶಾಲೆ ಇಲ್ಲ. ಘಟ್ಟವನ್ನು ಕೂಡ್ರಿಸಿದ ಮನೆಯನ್ನು ಬಿಟ್ಟು ತಾಯಿಯವರು ಹೊರಡುವುದಿಲ್ಲವಾದುದರಿಂದ, ವಿಜಯದಶಮಿಯಂದು ಬನ್ನಿ ಕೊಟ್ಟು ಮರುದಿನ ಹೊರಡುವುದೆಂದು ಗೊತ್ತಾಯಿತು.

ಎಲ್ಲಿಗೆ ಹೋಗುವುದು ಎಂಬುದಕ್ಕಿಂತ ಯಾವುದನ್ನು ಬಿಡುವುದು ಎಂಬುದರ ಮೇಲೆ ಮನೆಯಲ್ಲಿ ಹೆಚ್ಚು ಜಗಳವಾಯಿತು. ಮಗನಿಗೆ ಜೋಗ ಬೇಕು. 253 ಮೀಟರು ಎತ್ತರದಿಂದ ಶರಾವತಿ ಬೀಳುವುದನ್ನು ನೋಡದಿದ್ದರೆ ಅವನ ಪಾಲಿಗೆ ಪ್ರವಾಸವೇ ಅಲ್ಲ. ಮನೆಯಾಕೆಗೆ ಗೋಕರ್ಣ. ಮಗಳು ಯಾಣದ ಕರಿಬಂಡೆಗಳ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ನಮ್ಮ ಕೈಯಲ್ಲಿದ್ದುದು ಆರು ದಿನ. ಜೋಗಕ್ಕೆ ಹೋದರೆ ಇನ್ನೆರಡು ದಿನ ಬೇಕು, ಘಟ್ಟದ ತಿರುವುಗಳೂ ಬಹಳ. ಯಾಣದಲ್ಲಿ ಅಡವಿಯೊಳಗೆ ನಡೆಯಬೇಕು, ಮೆಟ್ಟಿಲು ಹತ್ತಬೇಕು. ತಾಯಿಯವರ ಮೊಣಕಾಲೇ ಇಲ್ಲಿ ನಮಗೆ ಕುಸ್ಕೋ. ಎರಡನ್ನೂ ಬಿಟ್ಟೆವು. ಮಗನು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ಉಗಾರ ಖುರ್ದ ನಿಲ್ದಾಣದಿಂದ ಘಟಪ್ರಭಾದವರೆಗೆ ರೈಲು, ಅಲ್ಲಿಂದ ಗೋಕಾಕ. ಈ ಸಲ ಜಲಪಾತದಲ್ಲಿ ನೀರಿತ್ತು. ಮಣ್ಣಿನ ಬಣ್ಣದ ನೀರು, ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ತಾಯಿಯವರು ಏನೂ ಅನ್ನಲಿಲ್ಲ. ಆದರೆ ಏಳೆಂದರೂ ಅರ್ಧ ತಾಸು ಏಳಲಿಲ್ಲ. ರಾತ್ರಿ ಬೆಳಗಾವಿಯಲ್ಲಿ ತಂಗಿ, ಮರುದಿನ ಲೋಂಡಾ ಮಾರ್ಗವಾಗಿ ಗೋವೆಯ ಕಡೆಗೆ ಹೊರಟೆವು. ಹಗಲಿನಲ್ಲಿ ಘಟ್ಟ ಇಳಿಯುವ ಗಾಡಿಯನ್ನೇ ಆರಿಸಿಕೊಳ್ಳಬೇಕೆಂದು ವಾಚಕರಿಗೆ ಒತ್ತಿ ಹೇಳುತ್ತೇವೆ. ಕ್ಯಾಸಲ್‌ರಾಕಿನಿಂದ ಕುಳೆಯವರೆಗಿನ ಸುಮಾರು 26 ಕಿಲೋಮೀಟರು ದಾರಿಯಲ್ಲಿ ಇಳಿಜಾರು 37 ಅಡಿಗೆ ಒಂದಡಿ. ಬೋಗದೆಯ ಬೆನ್ನಿಗೆ ಬೋಗದೆ. ನಡುವೆ 310 ಮೀಟರಿನ ದೂಧಸಾಗರವು ಕಿಟಕಿಯ ಬದಿಗೇ ಬಂದು ಹೋಗುತ್ತದೆ. ಅಲ್ಲಿ ಗಾಡಿ ನಿಂತಿತೆಂದು ಹಳಿಯ ಮೇಲೆ ಇಳಿಯುವ ಹುಡುಗರಿದ್ದಾರೆ; ಅದು ಕಾಯಿದೆಗೂ ವಿರುದ್ಧ, ಜೀವಕ್ಕೂ ಕೇಡು. ಜೋಗ ತಪ್ಪಿತೆಂದು ಮುನಿದಿದ್ದ ಮಗನು ಇಲ್ಲಿ ಮೊದಲಬಾರಿ ಬಾಯಿ ಬಿಟ್ಟನು.

ಮಡಗಾವಿನಿಂದ ಕೊಂಕಣ ರೈಲು. ನಾವು ಕಾರವಾರವನ್ನು ಆರಿಸಿಕೊಂಡದ್ದಕ್ಕೆ ಕಾರಣವೆಂದರೆ ಅಲ್ಲಿ ಸಮುದ್ರವು ಊರಿಗೆ ಅಂಟಿಕೊಂಡೇ ಇದೆ, ಏರಿಳಿಯುವ ಕಷ್ಟವಿಲ್ಲ. ತರುಣ ರವೀಂದ್ರನಾಥ ಠಾಕೂರರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1880ರ ದಶಕದಲ್ಲಿ ಬಂದಿದ್ದಾಗ ನಾಟಕವೊಂದನ್ನು ಬರೆದುದು ಈ ದಂಡೆಯಲ್ಲಿಯೇ. ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಮಕ್ಕಳಿಗೆ ನೋಡಲು ಚಾಪಲವೆಂಬ ಯುದ್ಧನೌಕೆಯೂ ಉಂಟು. ಒಂದು ಎಚ್ಚರಿಕೆ: ಕೆಳ ಅಂತಸ್ತಿನ ಕೋಣೆಯನ್ನು ಮೊದಲೇ ಗೊತ್ತುಮಾಡಿದ್ದರೂ, ಹೋಗಿ ನೋಡಲು ವಸತಿಗೃಹದವರು ಎರಡನೆಯ ಅಂತಸ್ತಿನ ಕೀಲಿಕೈಯನ್ನು ಕೊಟ್ಟರು. ಒಂದು ತಾಸು ವಾದಿಸಿದ ಮೇಲೆ ಕೋಣೆ ಬದಲಾಯಿತು. ಇಂಥ ಮಾತನ್ನು ಬಾಯಿಯಿಂದಲ್ಲ, ಬರಹದಲ್ಲಿ ಪಡೆದಿರಬೇಕು. ಊಟದ ಚಿಂತೆಯಿರಲಿಲ್ಲ, ಕಟಕ ರೊಟ್ಟಿ, ಶೇಂಗಾ ಹಿಂಡಿ ಆರು ದಿನಕ್ಕೆ ಸಾಲುವಷ್ಟು ಕಟ್ಟಿಕೊಂಡಿದ್ದೆವು. ಕರಾವಳಿಯ ಕುಚ್ಚಲಕ್ಕಿಯ ಅನ್ನವು ತಾಯಿಯವರಿಗೆ ಕಡೆಯವರೆಗೂ ಒಗ್ಗಲಿಲ್ಲ.

ತಲುಪಿದಾಗ ಕತ್ತಲೆಯಾಗಿತ್ತು, ಆ ರಾತ್ರಿ ಸಮುದ್ರವು ಕಿವಿಗಷ್ಟೇ ದೊರೆಯಿತು. ಬೆಳಗಿನಲ್ಲಿ, ಸೂರ್ಯನು ಇನ್ನೂ ಹಿಂದಿನ ಗುಡ್ಡಗಳಿಂದ ಮೇಲೆ ಬರುವ ಮೊದಲೇ, ತಾಯಿಯವರು ಮಗಳ ಭುಜವನ್ನು ಹಿಡಿದು ಉಸುಕಿನ ಮೇಲೆ ನಡೆದು ಹೋಗಿ ತೆರೆಯ ಅಂಚಿನಲ್ಲಿ ನಿಂತರು. ಸೀರೆಯ ಅಂಚು ತೊಯ್ದಿತು. ಒಂದು ಬೊಗಸೆ ನೀರನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು, “ನಮ್ಮ ಹೊಳಿ ನೀರ ಇಲ್ಲಿಗೇ ಬಂದ ಕೂಡತೈತೇನು?” ಎಂದು ಕೇಳಿದರು.

ಇಲ್ಲವೆಂದೆವು. ಕೃಷ್ಣೆಯು ಮಹಾಬಳೇಶ್ವರದಲ್ಲಿ ಈ ಸಮುದ್ರದಿಂದ ಅರವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿಯೇ ಹುಟ್ಟಿದರೂ ಇದಕ್ಕೆ ಬೆನ್ನು ತಿರುವಿ, ಸುಮಾರು 1,400 ಕಿಲೋಮೀಟರು ಹರಿದು, ಆಂಧ್ರದ ಹಂಸಲದೀವಿಯ ಬಳಿ ಪೂರ್ವದ ಸಮುದ್ರವನ್ನು ಸೇರುತ್ತದೆ. ಇದನ್ನು ಮಗನೇ ಉಸುಕಿನ ಮೇಲೆ ಗೆರೆ ಎಳೆದು ಅಜ್ಜಿಗೆ ತೋರಿಸಿಕೊಟ್ಟನು. ಗೋಕರ್ಣದ ದರ್ಶನವೂ ಆಯಿತು. ಅಂಕೋಲೆಯಿಂದ ಅರಬೈಲ ಘಟ್ಟವನ್ನು ಹತ್ತಿ, ಯಲ್ಲಾಪುರ, ಹುಬ್ಬಳ್ಳಿಗಳ ಮೇಲೆ ಆರನೆಯ ದಿನ ಸಂಜೆ ಮನೆಯನ್ನು ಸೇರಿದೆವು. ಅಡವಿಯು ತೆಳ್ಳಗಾಗುತ್ತ ಹೋಗಿ ಧಾರವಾಡದ ಆಚೆಗೆ ಬಯಲು ತೆರೆದುಕೊಂಡಾಗ ತಾಯಿಯವರು, “ಈಗ ನಮ್ಮ ಸೀಮಿ ಬಂತ ನೋಡ” ಎಂದರು.

ಕೈಕಾಲು ತೊಳೆದು ಚಹ ಕುಡಿಯುತ್ತ ಅವರು ಮತ್ತೆ ಅದೇ ಮಾತನ್ನು ತೆಗೆದರು: “ಹಂಗಾರ ಆ ಕಡಿ ಸಮುದ್ರಾನೂ ನೋಡಬೇಕಪಾ. ಮುಂದಿನ ದಸರಾಕ್ಕ ಹೋಗೂಣು.” ಬಂಗಾಲ ಉಪಸಾಗರದಲ್ಲಿ ಅಕ್ಟೋಬರ, ನವೆಂಬರಗಳು ಚಂಡಮಾರುತದ ತಿಂಗಳುಗಳೆಂದೂ, ಅತ್ತ ಹೋಗಲು ಜನವರಿಯೇ ಲೇಸೆಂದೂ ಹೇಳಹೊರಟೆವು. ಜನವರಿಯಲ್ಲಿ ಕಬ್ಬಿನ ಟೋಳಿ ನಮ್ಮ ಹೊಲದಲ್ಲಿರುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಳಿಯನಿಗೆ ಕಾಗದ ಬರೆದಿದ್ದೇವೆ.