ಸಪ್ಲೈಯರ್ ಹುಡುಗನಿಗೆ ಟಿಪ್ಸ್ ಕೊಡಬೇಕೇ?

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ನಾನೂ ನನ್ನ ಭಾವನೂ ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಊಟಕ್ಕೆ ಹೋದೆವು. ಭಾವ ದಮಾಮಿನಿಂದ ಎರಡು ತಿಂಗಳ ರಜೆಯಲ್ಲಿ ಬಂದವರು. ಬಿಕರ್ನಕಟ್ಟೆ–ಸಾಣೂರು ಚತುಷ್ಪಥ ರಸ್ತೆಯ ಕೆಲಸ ಶುರುವಾದ ಮೇಲೆ ನಮ್ಮ ಬೆಳುವಾಯಿ ಕಡೆ ಎಲ್ಲ ಬದಲಾಗಿದೆ. ಚಾ, ಬನ್ಸ್, ಗೋಳಿಬಜೆ ಸಿಗುತ್ತಿದ್ದ ಕಡೆ ಈಗ ಮಂದಿ, ಅಲ್‌ಫಹಮ್, ಶವಾಯಿ ಬೋರ್ಡುಗಳು. ಒಳಗೆ ಹೋಗಿ ಕೂತರೆ ನೀರಿನ ಗ್ಲಾಸ್ ತಂದಿಟ್ಟವನು ನಮ್ಮ ಮದ್ರಸದ ಹಳೆಯ ವಿದ್ಯಾರ್ಥಿ. ಏಳನೇ ತರಗತಿಯವರೆಗೆ ನನ್ನ ಹತ್ತಿರವೇ ಓದಿದವನು. ಒಂದು ಕೈಯಲ್ಲಿ ನಾಲ್ಕು ಪ್ಲೇಟು ಜೋಡಿಸಿಕೊಂಡು, ಇನ್ನೊಂದು ಕೈಯಲ್ಲಿ ಗ್ರೇವಿಯ ಪಾತ್ರೆ ಹಿಡಿದು ಓಡುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಸಲಾಂ ಹೇಳಿ, "ಉಸ್ತಾದ್, ಬಿಸಿ ಪರೋಟ ತರ್ತೇನೆ, ಎರಡು ನಿಮಿಷ" ಅಂದ.

ಊಟ ಆಯಿತು. ಭಾವ ಕೌಂಟರಿನಲ್ಲಿ ಮೊಬೈಲ್ ತೋರಿಸಿ ಸ್ಕ್ಯಾನ್ ಮಾಡಿದರು, ಟಣ್ ಅಂತ ಶಬ್ದ ಬಂತು, ಹೊರಟೆವು. ಬಾಗಿಲ ಹತ್ತಿರ ನನ್ನ ಕೈ ಸುಮ್ಮನೆ ಜೇಬಿಗೆ ಹೋಯಿತು. ಒಂದು ಐನೂರರ ನೋಟು ಮತ್ತು ಒಂದು ಹತ್ತರ ನಾಣ್ಯ. ಐನೂರು ಕೊಡುವಷ್ಟು ದೊಡ್ಡವನಲ್ಲ ನಾನು, ಹತ್ತರ ನಾಣ್ಯ ಕೊಡಲು ನಾಚಿಕೆ. ಏನೂ ಕೊಡದೆ ಕಾರು ಹತ್ತಿದೆ.

ಮುಂದಿನ ಜುಮುಅ ದಿನ ಮಸೀದಿಯ ಅಂಗಳದಲ್ಲಿ ಅವನೇ ಸಿಕ್ಕಿದ. ಕೆಲಸ ಹೇಗುಂಟು ಎಂದು ಕೇಳಿದೆ. ನಗುತ್ತಲೇ ಹೇಳಿದ: "ಸ್ಕ್ಯಾನರ್ ಬಂದ ಮೇಲೆ ನಮ್ಮ ಚಾ ಖರ್ಚು ಹೋಯಿತು ಉಸ್ತಾದ್."

ಈ ಮಾತನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಮೊದಲು ಹೇಗಿತ್ತು? ಬಿಲ್ಲು ಒಂದು ಸಣ್ಣ ತಟ್ಟೆಯಲ್ಲಿ ಬರುತ್ತಿತ್ತು, ಜೊತೆಗೆ ಸೋಂಪು, ಸಕ್ಕರೆ. ನಾವು ನೋಟು ಇಡುತ್ತಿದ್ದೆವು, ಸಪ್ಲೈಯರ್ ಕೌಂಟರಿಗೆ ಹೋಗಿ ಚಿಲ್ಲರೆ ತರುತ್ತಿದ್ದ. ಅದೇ ತಟ್ಟೆಯಲ್ಲಿ ಐದೋ ಹತ್ತೋ ಬಿಟ್ಟು ಏಳುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಟ್ಟೆ ಎಂದು ಹೇಳುತ್ತಿರಲಿಲ್ಲ. ಈಗ ಬಿಲ್ಲು 340 ಎಂದರೆ 340 ಮಾತ್ರ ಹೋಗುತ್ತದೆ, ಅದೂ ಸೀದಾ ಮಾಲಕರ ಖಾತೆಗೆ. ನೀವು 360 ಎಂದು ಒತ್ತಿದರೂ ಆ ಇಪ್ಪತ್ತು ಹುಡುಗನ ಕೈಗೆ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಚಿಲ್ಲರೆ ಇಲ್ಲದ ಕಾಲ ನಮಗೆಲ್ಲ ಸುಲಭ, ಚಿಲ್ಲರೆಯಲ್ಲೇ ಬದುಕುತ್ತಿದ್ದವರಿಗೆ ಅಲ್ಲ.

ಭಾವನ ಹತ್ತಿರ ಈ ವಿಷಯ ಎತ್ತಿದೆ. ಅವರದ್ದು ಬೇರೆಯೇ ವಾದ. "ನಾನು ಊಟಕ್ಕೆ ದುಡ್ಡು ಕೊಟ್ಟಿದ್ದೇನೆ. ಆ ದುಡ್ಡಿನಲ್ಲಿ ಅಕ್ಕಿ, ಕೋಳಿ, ಗ್ಯಾಸ್, ಸಂಬಳ ಎಲ್ಲ ಸೇರಿದೆ. ಬಸ್ಸಿನ ಕಂಡಕ್ಟರಿಗೆ ಟಿಪ್ಸ್ ಕೊಡ್ತೇವಾ? ಜವಳಿ ಅಂಗಡಿಯಲ್ಲಿ ನಲ್ವತ್ತು ಸೀರೆ ಬಿಡಿಸಿ ತೋರಿಸಿದ ಹುಡುಗಿಗೆ ಕೊಡ್ತೇವಾ? ಹೋಟೆಲಿನವನಿಗೆ ಮಾತ್ರ ಯಾಕೆ?"

ಹಾಗೆ ನೋಡಿದರೆ ಅವರ ಮಾತು ಪೂರ್ತಿ ತಪ್ಪಲ್ಲ. ಕೂಲಿ ಕೊಡಬೇಕಾದವನು ಕೆಲಸಕ್ಕೆ ಇಟ್ಟುಕೊಂಡವನು. ಕೂಲಿಯಾಳಿನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂದು ಪ್ರವಾದಿ(ಸ)ಯವರು ಹೇಳಿದ್ದು ಇಬ್ನುಮಾಜಃದಲ್ಲಿದೆ. ಆಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ಸ್ವತಃ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುತ್ತಾನೆ ಎಂಬ ಹದೀಸ್ ಬುಖಾರಿಯಲ್ಲಿದೆ. ಈ ಎರಡೂ ಕಡೆ ಮಾತು ಹೇಳಿರುವುದು ಧಣಿಗೆ, ಊಟ ಮಾಡಲು ಬಂದವನಿಗಲ್ಲ.

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. ದೊಡ್ಡ ಊರುಗಳ ಹೋಟೆಲುಗಳಲ್ಲಿ ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಎಂದು ಸೇರಿಸುವುದನ್ನು ನೀವು ನೋಡಿರಬಹುದು. ಗ್ರಾಹಕನನ್ನು ಕೇಳದೆ ಹಾಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲಕರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ತಿಂದವನ ಇಷ್ಟ. ಅದಕ್ಕೂ ಮೊದಲು, 2016ರಲ್ಲಿ, ಐಟಿಸಿ ಹೋಟೆಲುಗಳ ತೆರಿಗೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ಮುಖ್ಯ: ಟಿಪ್ಸ್ ಎಂಬುದು ಗ್ರಾಹಕ ತನ್ನ ಇಷ್ಟದಿಂದ ಕೊಡುವುದು, ಅದು ಮಾಲಕ ಕೊಡುವ ಸಂಬಳವಲ್ಲ. ವಿಷಯ ತೆರಿಗೆಯದ್ದಾದರೂ ಈ ಮಾತನ್ನು ನಮ್ಮ ಹೋಟೆಲಿನವರು ಒಮ್ಮೆ ಓದಬೇಕು.

ಸಂಬಳವನ್ನೂ ಟಿಪ್ಸನ್ನೂ ಬೆರೆಸಿದರೆ ಎಂತ ಆಗುತ್ತದೆ ಎಂದು ತಿಳಿಯಲು ಅಮೆರಿಕವನ್ನು ನೋಡಬೇಕು. ಅಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್. 1991ರಿಂದ ಅದು ಹಾಗೆಯೇ ಇದೆ. ಉಳಿದದ್ದು ಗ್ರಾಹಕನ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲಕ ಸೇರಿಸಿ ಕೊಡಬೇಕು. ಅಂದರೆ ಗ್ರಾಹಕ ಕೊಟ್ಟದ್ದರಲ್ಲಿ ಒಂದು ಪಾಲು ಮಾಲಕನ ಉಳಿತಾಯವೇ ಆಯಿತು. ಅಲ್ಲಿ ಟಿಪ್ಸ್ ಕೊಡದೆ ಎದ್ದರೆ ಹುಡುಗನ ಕೂಲಿಯನ್ನೇ ಕಿತ್ತುಕೊಂಡ ಹಾಗೆ. ನಮ್ಮಲ್ಲಿ ಹಾಗಿಲ್ಲ, ಆಗಲೂಬಾರದು.

ಹಾಗಾದರೆ ಭಾವ ಹೇಳಿದ್ದು ಸರಿ ಎಂದು ಬಿಟ್ಟುಬಿಡುವುದಾ? ಇಲ್ಲ. ಯಾಕೆಂದರೆ ಊಟದ ವಿಷಯದಲ್ಲಿ ನಮ್ಮ ದೀನ್ ಒಂದು ಪ್ರತ್ಯೇಕ ಮಾತು ಹೇಳಿದೆ. ಸೇವಕನು ಊಟ ತಂದಿಟ್ಟರೆ ಅವನನ್ನೂ ಜೊತೆಗೆ ಕೂರಿಸಿಕೊಳ್ಳಬೇಕು, ಅದು ಆಗದಿದ್ದರೆ ಒಂದೆರಡು ತುತ್ತಾದರೂ ಅವನಿಗೆ ಕೊಡಬೇಕು, ಏಕೆಂದರೆ ಅದರ ಬಿಸಿಯನ್ನೂ ಅದನ್ನು ತಯಾರಿಸುವ ಶ್ರಮವನ್ನೂ ಅನುಭವಿಸಿದವನು ಅವನೇ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಮದ್ರಸದಲ್ಲಿ ಎಷ್ಟೋ ಸಲ ಇದನ್ನು ಪಾಠ ಮಾಡಿದ್ದೇನೆ. ಮನೆಯಾಳಿನ ವಿಷಯ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಅಲ್‌ಫಹಮಿನ ಕೆಂಡದ ಮುಂದೆ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ನಿಲ್ಲುವವನನ್ನು ನೋಡಿದಾಗ ಅದರ ಕಾರಣದ ಭಾಗ ನನಗೆ ಅರ್ಥವಾಯಿತು. ಆ ವಾಸನೆ ಇಡೀ ದಿನ ಅವನ ಮೂಗಿಗೆ, ತಿನ್ನುವುದು ನಾವು. ಕಂಡಕ್ಟರಿಗೂ ಜವಳಿ ಅಂಗಡಿಯ ಹುಡುಗಿಗೂ ಇವನಿಗೂ ಇರುವ ವ್ಯತ್ಯಾಸ ಅದೇ ಇರಬೇಕು. ಹಸಿದವನು ಇನ್ನೊಬ್ಬನಿಗೆ ಬಡಿಸುವ ಕೆಲಸ ಅದು. ಸಪ್ಲೈಯರ್‌ಗಳ ಊಟ ಗಿರಾಕಿಗಳೆಲ್ಲ ಹೋದ ಮೇಲೆ, ಅಡುಗೆ ಕೋಣೆಯ ಮೂಲೆಯಲ್ಲಿ.

ಇನ್ನೊಂದು ಪ್ರಶ್ನೆ ಹುಡುಗರೇ ಕೇಳುವುದುಂಟು. ಟಿಪ್ಸ್ ಹಲಾಲಾ ಉಸ್ತಾದ್? ಕೆಲಸ ಮುಗಿದ ಮೇಲೆ, ಕೇಳದೆ, ಸಂತೋಷದಿಂದ ಕೊಟ್ಟದ್ದು, ಧಣಿಗೂ ಗೊತ್ತಿದ್ದು ಒಪ್ಪಿಗೆ ಇದ್ದರೆ, ಅದು ಹದಿಯಾ, ಹಲಾಲ್. ಆದರೆ ನಮ್ಮ ಹುಡುಗ ಹೇಳಿದ ಒಂದು ಸಂಗತಿ ಕೇಳಿ. ಕೆಲವು ಗಿರಾಕಿಗಳು ಕೂತ ಕೂಡಲೇ ಐವತ್ತು ರೂಪಾಯಿ ಕೈಗೆ ತುರುಕುತ್ತಾರಂತೆ. "ಬಿರಿಯಾನಿಯಲ್ಲಿ ಪೀಸು ನೋಡಿ ಹಾಕು" ಎಂದು ಕಣ್ಣು ಮಿಟುಕಿಸುತ್ತಾರಂತೆ. ಇದು ಹದಿಯಾ ಅಲ್ಲ ಮಾರಾಯ್ರೆ. ಧಣಿಯ ಕೋಳಿಯನ್ನು ಅವನಿಗೆ ಗೊತ್ತಿಲ್ಲದೆ ಮಾರಿದ ಹಾಗೆ. ಝಕಾತ್ ವಸೂಲಿಗೆ ಹೋದ ಇಬ್ನುಲ್ಲುತ್ಬಿಯ್ಯ ಎಂಬವರು ವಾಪಸ್ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದಾಗ ಪ್ರವಾದಿ(ಸ)ಯವರು ಮಿಂಬರ್ ಹತ್ತಿ, ಇವನು ತಂದೆ ತಾಯಿಯ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದ್ದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಇದು ಇದೆ. ಅದು ಅಧಿಕಾರಿಯ ವಿಷಯ, ಸಪ್ಲೈಯರ್ ಅಧಿಕಾರಿಯಲ್ಲ, ನಿಜ. ಆದರೂ ಇನ್ನೊಬ್ಬನ ಸೊತ್ತಿನ ಸೌಟು ಕೈಯಲ್ಲಿರುವಾಗ ಸಿಗುವ ದುಡ್ಡನ್ನು ಎರಡು ಸಲ ನೋಡಬೇಕು. ಪಾಪ, ಹುಡುಗನಿಗಿಂತ ದೊಡ್ಡ ತಪ್ಪು ತುರುಕಿದವನದ್ದು.

ಈ ಹದೀಸ್ ಹೇಳುವಾಗೆಲ್ಲ ನನ್ನ ಜೇಬೇ ನನಗೆ ಭಾರ ಅನಿಸುತ್ತದೆ. ಯಾಕೆಂದರೆ ನಾನೂ ಟಿಪ್ಸ್ ತೆಗೆದುಕೊಳ್ಳುವವನೇ. ಮನೆ ಒಕ್ಕಲಿಗೆ, ಮೌಲಿದಿಗೆ, ಖತಂ ದುಆಕ್ಕೆ ಹೋದರೆ ಹೊರಡುವಾಗ ಕೈ ಕುಲುಕುತ್ತಾರೆ. ಕುಲುಕಿದ ಕೈಯಲ್ಲಿ ಮಡಚಿದ ನೋಟು ಇರುತ್ತದೆ. ಅದಕ್ಕೆ ನಾವು ಟಿಪ್ಸ್ ಅನ್ನುವುದಿಲ್ಲ, ಹದಿಯಾ ಅನ್ನುತ್ತೇವೆ. ಸಪ್ಲೈಯರಿಗೆ ಕೊಟ್ಟರೆ ಭಕ್ಷೀಸು, ಉಸ್ತಾದರಿಗೆ ಕೊಟ್ಟರೆ ಹದಿಯಾ. ಹಲವು ವರ್ಷ ಹಿಂದೆ ಬೇರೆ ಊರಿನ ಒಂದು ಜಮಾಅತ್‌ನಲ್ಲಿ ಸಂಬಳ ಸ್ವಲ್ಪ ಹೆಚ್ಚಿಸಿ ಎಂದು ಕೇಳಿದಾಗ ಒಬ್ಬರು ಹಿರಿಯರು, "ಸಂಬಳ ಕಡಿಮೆ ಇರಬಹುದು ಉಸ್ತಾದ್, ಆದರೆ ಮೇಲಿಂದ ಮನೆಗಳಿಂದ ಸಿಗ್ತದಲ್ವಾ?" ಎಂದಿದ್ದರು. ಅವರಿಗೆ ದುರುದ್ದೇಶ ಇರಲಿಲ್ಲ. ಆದರೆ ಮಗಳ ಶಾಲೆಯ ಫೀಸು ಕಟ್ಟುವ ತಿಂಗಳಲ್ಲಿ ಊರಿನಲ್ಲಿ ಮೌಲಿದ್ ಎಷ್ಟು ಮನೆಯಲ್ಲಿ ಉಂಟು ಎಂದು ನಾನು ಲೆಕ್ಕ ಹಾಕುವ ಹಾಗಾಯಿತು. ಆ ಲೆಕ್ಕ ಹಾಕುತ್ತಾ ಓದಿದ ಮೌಲಿದಿನ ಬಗ್ಗೆ ಈಗಲೂ ನನಗೆ ಮುಜುಗರ. ಕೊಡುವ ಮನೆಯವನಿಗೆ ನಗು ಜಾಸ್ತಿ, ಕೊಡದವನಿಗೆ ಕಡಿಮೆ. ಇದು ಒಳಗೊಳಗೇ ಶುರುವಾಗುತ್ತದೆ, ಗೊತ್ತಾಗುವುದಿಲ್ಲ.

"ಟಿಪ್ಸ್ ಸಿಗ್ತದಲ್ವಾ" ಎಂದು ಹೋಟೆಲ್ ಧಣಿ ಹೇಳುವಾಗ ಸಪ್ಲೈಯರಿಗೂ ಇದೇ ಆಗುತ್ತದೆ. ಹೊಸ ಕಾರಿನಲ್ಲಿ ಬಂದ ಟೇಬಲಿಗೆ ಓಡುತ್ತಾನೆ. ಮೂಲೆಯಲ್ಲಿ ಒಂದು ಚಾ, ಒಂದು ಪರೋಟಕ್ಕೆ ಕೂತ ಮುದುಕ ಎರಡು ಸಲ ಕರೆಯಬೇಕಾಗುತ್ತದೆ. ಅದಕ್ಕೇ ನಾನು ಹೇಳುವುದು, ಟಿಪ್ಸ್ ಕೊಡಿ, ಆದರೆ ಅದನ್ನು ಸಂಬಳದ ಜಾಗದಲ್ಲಿ ಕೂರಿಸಬೇಡಿ.

ಇದಕ್ಕೆ ನನಗೆ ಮಾದರಿಯಾಗಿ ಕಾಣುವುದು ಅಬೂತ್ವೈಬರ ಘಟನೆ. ಅನಸ್(ರ) ವರದಿ ಮಾಡಿದ ಈ ಹದೀಸ್‌ನಲ್ಲಿ ಅಬೂತ್ವೈಬ ಗುಲಾಮರು, ಹಿಜಾಮ ಮಾಡುವವರು. ದುಡಿದದ್ದರಲ್ಲಿ ಇಂತಿಷ್ಟು ಎಂದು ತಮ್ಮ ಯಜಮಾನರಿಗೆ ಒಪ್ಪಿಸಬೇಕಿತ್ತು. ಅವರು ಪ್ರವಾದಿ(ಸ)ಯವರಿಗೆ ಹಿಜಾಮ ಮಾಡಿದರು. ಪ್ರವಾದಿ(ಸ)ಯವರು ಅವರಿಗೆ ಆಹಾರ ಧಾನ್ಯ ಅಳೆದು ಕೊಡಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರ ಯಜಮಾನರ ಹತ್ತಿರ ಮಾತಾಡಿದರು, ಯಜಮಾನರು ಆ ಹೊರೆಯನ್ನು ಕಡಿಮೆ ಮಾಡಿದರು. ನಾವು ಹೆಚ್ಚೆಂದರೆ ಮೊದಲನೆಯದ್ದನ್ನು ಮಾಡುತ್ತೇವೆ. ಎರಡನೆಯದ್ದು, ಧಣಿಯ ಹತ್ತಿರ ಮಾತಾಡುವುದು, ಯಾರಿಗೂ ಬೇಡ. ಎಲ್ಲರೂ ಪರಿಚಯದವರು, ಮಸೀದಿಯಲ್ಲಿ ಒಂದೇ ಸಫ್ಫಿನಲ್ಲಿ ನಿಲ್ಲುವವರು, ದಾಕ್ಷಿಣ್ಯ.

ನಮ್ಮ ಬ್ಯಾರಿಗಳಿಗೆ ಈ ವಿಷಯ ದೂರದ್ದಲ್ಲ. ಮಂಗಳೂರು, ಬೆಂಗಳೂರು, ಮುಂಬೈ, ಗಲ್ಫ್ ಎಲ್ಲ ಕಡೆ ಹೋಟೆಲಿನಲ್ಲಿ ಗ್ಲಾಸ್ ತೊಳೆದು ಮೇಲೆ ಬಂದವರು ಎಷ್ಟೋ ಮನೆಗಳಲ್ಲಿದ್ದಾರೆ. ಇವತ್ತು ಕೌಂಟರಿನಲ್ಲಿ ಕೂತವರಲ್ಲೂ ನಿನ್ನೆಯ ಸಪ್ಲೈಯರ್‌ಗಳಿದ್ದಾರೆ. ರಮಝಾನಿನಲ್ಲಿ ನಮ್ಮವರ ಹಲವು ಹೋಟೆಲುಗಳು ಹಗಲು ಬಾಗಿಲು ಹಾಕುತ್ತವೆ, ಒಳ್ಳೆಯದೇ. ಆ ತಿಂಗಳು ದಿನಗೂಲಿಯ ಹುಡುಗನ ಪೆರ್ನಾಲ್ ಹೇಗೆ ಎಂದೂ ಕೇಳಬೇಕಲ್ಲ.

ಮತ್ತೆ ಟಿಪ್ಸ್ ಸಿಕ್ಕಿದರೂ ಸಿಗುವುದು ಟೇಬಲಿಗೆ ಬಂದವನಿಗೆ ಮಾತ್ರ. ಪರೋಟ ಬಡಿಯುವವನು, ಹಿಂದೆ ಪಾತ್ರೆ ತೊಳೆಯುವ ಹೆಂಗಸು, ಎಂಜಲು ತೆಗೆಯುವ ಕ್ಲೀನರ್, ಇವರಿಗೆ ಇಲ್ಲ. ಕ್ಲೀನರ್ ಈಗ ಹೆಚ್ಚಾಗಿ ಅಸ್ಸಾಮಿನವನೋ ಬಂಗಾಳದವನೋ. ನಮ್ಮ ಭಾಷೆ ಬರುವುದಿಲ್ಲ, ನಮ್ಮ ಪರಿಚಯ ಇಲ್ಲ, ಸಲಾಂ ಹೇಳಿದರೆ ಮುಖ ಅರಳುತ್ತದೆ. ಕೌಂಟರಿನ ಹತ್ತಿರ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ಎಲ್ಲರಿಗೂ ಹಂಚಿದರೆ ಈ ತಾರತಮ್ಯ ಹೋಗುತ್ತದೆ. ಸ್ಕ್ಯಾನರ್ ಬೇಕೇ ಬೇಕಾದರೆ ಕೆಲಸದವರದ್ದೇ ಒಂದು ಪ್ರತ್ಯೇಕ ಕೋಡ್ ಇಡಬಹುದು, ಧಣಿಯ ಖಾತೆಗಲ್ಲ.

ಕೊಡುವ ರೀತಿಯ ಬಗ್ಗೆ ಎರಡು ಮಾತು. ದಾನವನ್ನು ಎತ್ತಿ ಹೇಳಿ, ನೋವು ಮಾಡಿ ಹಾಳು ಮಾಡಿಕೊಳ್ಳಬೇಡಿ ಎಂದು ಸೂರಃ ಅಲ್‌ಬಖರಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ನೋಟನ್ನು ಗ್ರೇವಿ ಚೆಲ್ಲಿದ ಟೇಬಲಿನ ಮೇಲೆ ಎಸೆಯುವುದು, "ಏಯ್, ಇದು ಇಟ್ಕೋ" ಎಂದು ನಾಲ್ಕು ಜನರೆದುರು ಕೂಗುವುದು, ಕೊಡುವಾಗ ಮೊಬೈಲಿನಲ್ಲಿ ವಿಡಿಯೊ ಮಾಡುವುದು ಬೇಡ. ಝಕಾತಿನ ಲೆಕ್ಕದಲ್ಲಿ ಟಿಪ್ಸ್ ಕೊಡುವುದೂ ಬೇಡ, ಝಕಾತ್ ಸೇವೆಗೆ ಪ್ರತಿಫಲ ಅಲ್ಲ. ಕೈಯಲ್ಲಿ ಇಲ್ಲದವರು ಕೊಡಬೇಕೆಂದೇ ಇಲ್ಲ. ಉಪಕಾರ ಮಾಡಿದವನಿಗೆ ಪ್ರತ್ಯುಪಕಾರ ಮಾಡಲು ಏನೂ ಇಲ್ಲದಿದ್ದರೆ ಅವನಿಗಾಗಿ ದುಆ ಮಾಡಿ ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಒಂದು ಜಝಾಕಲ್ಲಾಹ್, ಊಟ ಚೆನ್ನಾಗಿತ್ತು ಎಂಬ ಒಂದು ಮಾತಿಗೆ ಖರ್ಚಿಲ್ಲ.

ನಾನು ಆಮೇಲೆ ಒಂದು ದಿನ ಆ ಹೋಟೆಲಿಗೆ ಒಬ್ಬನೇ ಹೋದೆ. ಬಿಲ್ಲಿನ ಮೇಲೆ ಇಪ್ಪತ್ತು ರೂಪಾಯಿ ಹುಡುಗನ ಕೈಗೆ ಕೊಡಲು ನೋಡಿದೆ. "ನಿಮ್ಮಿಂದ ಬೇಡ ಉಸ್ತಾದ್" ಎಂದು ಕೈ ಹಿಂದೆ ಸರಿಸಿದ. ಕಲಿಸಿದವರಿಂದ ತೆಗೆದುಕೊಳ್ಳಲು ಅವನಿಗೆ ಆಗುವುದಿಲ್ಲವಂತೆ. "ಹಾಗಾದರೆ ಒಳಗಿನವರಿಗೆ ಕೊಡು" ಅಂದೆ. ತೆಗೆದುಕೊಂಡ. ಕೌಂಟರಿಗೆ ಹೋಗಿ ಧಣಿಯ ಹತ್ತಿರ ಡಬ್ಬಿಯ ವಿಷಯ ಹೇಳಿದೆ, ಅಬೂತ್ವೈಬರ ಹದೀಸನ್ನೂ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಪೂರ್ತಿ ಕೇಳಿದರು. "ಡಬ್ಬಿ ಇಡುವ ಉಸ್ತಾದ್. ಸಂಬಳದ್ದು ಮಾತ್ರ... ಕೋಳಿಯ ರೇಟು ನಿಮಗೆ ಗೊತ್ತುಂಟಲ್ಲ" ಅಂದರು.

ಇದನ್ನು ಬರೆಯುವ ದಿನದವರೆಗೆ ಡಬ್ಬಿ ಬಂದಿಲ್ಲ. ಮತ್ತೊಮ್ಮೆ ಕೇಳುತ್ತೇನೆ. ಅಲ್ಲಿಯವರೆಗೆ ಬೆಳುವಾಯಿ ಪೇಟೆಯ ಅಂಗಡಿಯಲ್ಲಿ ಐನೂರಕ್ಕೆ ಇಪ್ಪತ್ತರ ನೋಟುಗಳನ್ನು ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.