ಬಸ್ಸಲ್ಲೇ ಹೋಗಿಬನ್ನಿ, ಕೆ.ಜಿ.ಎಫ್.ಗೆ ಕರೆಂಟು ಕೊಟ್ಟ ದ್ವೀಪಕ್ಕೆ!

ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಜಯನಗರದ ಹಳಬರಿಗೆ ಈಗಲೂ ನೆನಪಾಗುವ ಹೆಸರು ಒಂದೇ. ಶಿವಾಜಿರಾವ್ ಗಾಯಕ್ವಾಡ್! ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಈ ಹುಡುಗನಿಗೆ ‘ಮದ್ರಾಸಿಗೆ ಹೋಗು, ಆಕ್ಟಿಂಗ್ ಕಲಿ’ ಅಂತ ಬೆನ್ನುತಟ್ಟಿದವರು ಡ್ರೈವರ್ ಗೆಳೆಯ ರಾಜ್ ಬಹದ್ದೂರ್. 1975ರಲ್ಲಿ ‘ಅಪೂರ್ವ ರಾಗಂಗಳ್’, ಮರುವರ್ಷ ನಮ್ಮ ಪುಟ್ಟಣ್ಣನವರ ‘ಕಥಾ ಸಂಗಮ’... ಮುಂದಿನದು ನಿಮಗೇ ಗೊತ್ತು. 2023ರ ಆಗಸ್ಟಿನಲ್ಲಿ ರಜನಿ ಸದ್ದಿಲ್ಲದೆ ಜಯನಗರದ ಬಸ್ ಡಿಪೋಗೆ ಬಂದು, ಸಿಬ್ಬಂದಿ ಜೊತೆ ಫೋಟೋ ತೆಗೆಸಿಕೊಂಡು ಹೋದರು.

ಅಂಥಾ ಬಸ್ಸನ್ನು ಬಿಟ್ಟು ಭಾನುವಾರಕ್ಕೆ ಪಕ್ಕದ ಮನೆಯವನ ಬೈಕ್ ಯಾಕೆ ಬೇಡುತ್ತೀರಿ? ಬನಶಂಕರಿ ಬಸ್ ಸ್ಟ್ಯಾಂಡಿಗೆ ಬನ್ನಿ. ಕನಕಪುರ, ಮಳವಳ್ಳಿ ಮೇಲೆ ಹೋಗುವ ಕೊಳ್ಳೇಗಾಲದ ಬಸ್ ಹಿಡಿಯಿರಿ. ಕಿಟಕಿ ಸೀಟು ಬಿಡಬೇಡಿ ಮತ್ತೆ! (ಅಕ್ಕ-ತಂಗಿಯರಿಗೆ 2023ರ ಜೂನ್‌ನಿಂದ ಸಾದಾ ಬಸ್ ಫ್ರೀ. ನಾವು ಗಂಡಸರು ಜೇಬು ಮುಟ್ಟಿಕೊಳ್ಳಲೇಬೇಕು.)

ಹಾರೋಹಳ್ಳಿ ದಾಟಿದರೆ ಬಂಡೆಗಲ್ಲಿನ ಬೆಟ್ಟಗಳು. ‘ಶೋಲೆ’ಯ ಗಬ್ಬರ್ ಅಡಗಿದ್ದ ರಾಮನಗರದ ಬೆಟ್ಟಗಳಿಗೆ ಇವು ದಾಯಾದಿಗಳು. ಆಮೇಲೆ ರಾಗಿ, ಹಿಪ್ಪುನೇರಳೆ. ಮಳವಳ್ಳಿ ಕಡೆ ಬಂದರೆ ಕಬ್ಬು, ಭತ್ತ. ಅದಾದ ಮೇಲೆ ಶಿವನಸಮುದ್ರ! ಕಾವೇರಿ ಇಲ್ಲಿ ಎರಡಾಗಿ ಸೀಳಿ ನಡುವೆ ಒಂದು ದ್ವೀಪ ಬಿಟ್ಟಿದ್ದಾಳೆ. ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ದ್ವೀಪದೊಳಗೆ ಮಧ್ಯರಂಗನಾಥ ಮಲಗಿದ್ದಾನೆ.

ಯಶ್ ಅಭಿಮಾನಿಗಳೇ, ಇಲ್ಲಿ ಕೇಳಿ. 1902ರಲ್ಲಿ ಇಲ್ಲಿಯ ನೀರಿನಿಂದ ಕರೆಂಟು ತೆಗೆದು, ಸುಮಾರು 150 ಕಿ.ಮೀ. ತಂತಿ ಎಳೆದು ಕೊಟ್ಟದ್ದು ಕೋಲಾರದ ಚಿನ್ನದ ಗಣಿಗೆ! ಅಸಲಿ ಕೆ.ಜಿ.ಎಫ್.ಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಚಿನ್ನ ಮೊದಲು, ಜನ ಆಮೇಲೆ. ಯಾವ ಸಿನಿಮಾದಲ್ಲೂ ಈ ಸೀನ್ ನಾನು ನೋಡಿಲ್ಲ.

ಹೋಗುವುದಾದರೆ ಮಳೆಗಾಲದಲ್ಲೇ ಹೋಗಿ. ಕೆ.ಆರ್.ಎಸ್., ಕಬಿನಿ ತುಂಬಿ ನೀರು ಬಿಟ್ಟರೆ ಇಲ್ಲಿ ಭೋರ್ಗರೆತ. ಬೇಸಿಗೆಯಲ್ಲಿ ಬರೀ ಬಂಡೆ! ಇಲ್ಲಿ ಧುಮುಕಿದ ನೀರು ಸೀದಾ ತಮಿಳುನಾಡಿಗೆ... ನಮ್ಮ ಶಿವಾಜಿಯೂ ಅತ್ತಲೇ ಹೋದದ್ದು ಬಿಡಿ.

ಒಂದು ಮಾತು. ಹೀರೋ ಥರ ಬಂಡೆ ಮೇಲಿಂದ ಜಿಗಿಯಬೇಡಿ. 2016ರಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ತಿಪ್ಪಗೊಂಡನಹಳ್ಳಿ ಕೆರೆಗೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್, ಉದಯ್ ಮೇಲೆ ಬರಲೇ ಇಲ್ಲ. ಅವರು ಕಟ್ಟುಮಸ್ತಾದ ಖಳನಟರು. ಗಗನಚುಕ್ಕಿಯ ಪಾಚಿ ನಿಮ್ಮ ಬೈಸೆಪ್ಸ್ ನೋಡುವುದಿಲ್ಲ. ಕಟಕಟೆ ಈಚೆಯೇ ನಿಂತು ನೋಡಿ.

ಮೇನ್ ರೋಡಿನಿಂದ ಜಲಪಾತಕ್ಕೆ ಆಟೋ ಬೇಕಾಗುತ್ತದೆ, ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ. ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರಣ್ಣನನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.